ದೇವರ ಜೊತೆ ಠೂ ಬಿಟ್ಟ ಒಂಬತ್ತು ತಿಂಗಳು

ಚಿಕ್ಕವರಿದ್ದಾಗ ಗೆಳೆಯರ ಜೊತೆ ಜಗಳ ಆದರೆ ಏನು ಮಾಡ್ತಿದ್ವಿ ನೆನಪಿದೆಯಾ? ಠೂ ಬಿಡ್ತಿದ್ವಿ. ಮಾತಿಲ್ಲ, ಕತೆಯಿಲ್ಲ. ಆದರೆ ಠೂ ಬಿಟ್ಟ ಮೇಲೂ ಅದೇ ಬೆಂಚಿನಲ್ಲಿ, ಅವನ ಪಕ್ಕದಲ್ಲೇ ಕೂತಿರಬೇಕಿತ್ತು. ಅವನು ರಬ್ಬರ್ ಕೇಳಿದರೆ ಮಾತಾಡದೆ ಸರಿಸಬೇಕು. ನೋಡಿದವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ಒಳಗೆ ಏನೂ ಸರಿ ಇರುತ್ತಿರಲಿಲ್ಲ.

ನಾನು ಮೂವತ್ತಮೂರನೇ ವಯಸ್ಸಿನಲ್ಲಿ ದೇವರ ಜೊತೆ ಹೀಗೇ ಠೂ ಬಿಟ್ಟೆ. ಚರ್ಚಿಗೆ ಹೋಗುವುದು ನಿಲ್ಲಿಸಲಿಲ್ಲ. ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಗಾಯನ ಮಂಡಳಿಯಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬೇಸ್ ಹಾಡುತ್ತಿದ್ದೆ. ಕಾಣಿಕೆ ಕವರು ತಪ್ಪಿಸಲಿಲ್ಲ. ಯುವಜನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಇಮೋಜಿ ಹಾಕುತ್ತಿದ್ದೆ. ಪ್ರಾರ್ಥನೆ ಮಾತ್ರ ಮಾಡುತ್ತಿರಲಿಲ್ಲ. ಸಭಾಪಾಲಕರು 'ಪ್ರಾರ್ಥಿಸೋಣ' ಅಂದಾಗ ಎಲ್ಲರ ಜೊತೆ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಸೋಮವಾರದ ರಿಲೀಸಿನ ಬಗ್ಗೆ ಯೋಚಿಸುತ್ತಿದ್ದೆ. ಒಂಬತ್ತು ತಿಂಗಳು ಒಬ್ಬರಿಗೂ ಗೊತ್ತಾಗಲಿಲ್ಲ. ಅದೇ ನನಗೆ ಈಗಲೂ ಸ್ವಲ್ಪ ಭಯ ಹುಟ್ಟಿಸುವ ವಿಷಯ.

ನಮ್ಮದು ಹುಬ್ಬಳ್ಳಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಕೆಲವೇ ವರ್ಷಗಳಲ್ಲಿ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ ಕಡೆ ಕಟ್ಟಿದ ಸಭೆಗಳಲ್ಲಿ ಬೆಳೆದ ಕುಟುಂಬ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ. ಟೀವಿ ಬಂದ್. ಒಂದು ಹಾಡು, ಸತ್ಯವೇದದಿಂದ ಒಂದು ಅಧ್ಯಾಯ, ಆಮೇಲೆ ಅಪ್ಪನ ಪ್ರಾರ್ಥನೆ. ಅಧ್ಯಾಯ ಓದಿ ಮುಗಿಸಿದ ಮೇಲೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಅವತ್ತಿನ ತಾರೀಖು ಹಾಕುವುದು ಅಪ್ಪನ ಅಭ್ಯಾಸ. ಗಣಿತದ ಮಾಸ್ತರಲ್ವಾ, ಲೆಕ್ಕ ಇರಬೇಕು. ಆದಿಕಾಂಡದಿಂದ ಪ್ರಕಟನೆಯ ತನಕ, ಮತ್ತೆ ಆದಿಕಾಂಡ. ಒಂದು ಸುತ್ತಿಗೆ ಮೂರು ವರ್ಷ ಚಿಲ್ಲರೆ. ಪಕ್ಕದ ಮನೆಯಲ್ಲಿ ಕ್ರಿಕೆಟ್ ನಡೀತಿರುವಾಗ ಅರಣ್ಯಕಾಂಡದ ಜನಗಣತಿ ಕೇಳುತ್ತಾ ಕೂರುವುದು ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು.

ಬೆಂಗಳೂರಿಗೆ ಬಂದ ಮೇಲೆ ಎಂಟು ಗಂಟೆ ಅನ್ನೋದು ಅಮೆರಿಕದವರ ಜೊತೆ ಕಾಲ್ ಇರುವ ಹೊತ್ತಾಯಿತು. ದೇವರ ಜೊತೆ ನನ್ನ ಸಂಬಂಧ ಕ್ಯಾಬಿಗೆ ಕಾಯುವ ಎರಡು ನಿಮಿಷಕ್ಕೆ ಇಳಿಯಿತು. ಅದರಲ್ಲಿ ಕೇಳುವುದೇ ಹೆಚ್ಚು. ಅಪ್ರೈಸಲ್ ಚೆನ್ನಾಗಿ ಆಗಲಿ. ಫ್ಲ್ಯಾಟಿನ ಲೋನ್ ಪಾಸಾಗಲಿ. ಈ ಸಲ ಆನ್‌ಸೈಟ್ ಸಿಗಲಿ. ನಿಜ ಹೇಳಬೇಕಂದ್ರೆ ದೇವರು ನನ್ನ ಪಾಲಿಗೆ ಮೇಲಿನ ಮಹಡಿಯಲ್ಲಿ ಕೂತ ಒಬ್ಬ ದೊಡ್ಡ ಮ್ಯಾನೇಜರ್ ಆಗಿದ್ದ. ಟಿಕೆಟ್ ಹಾಕಬೇಕು, ತಾಳ್ಮೆಯಿಂದ ಕಾಯಬೇಕು, ಕೆಲಸ ಆದರೆ ಥ್ಯಾಂಕ್ಸ್ ಹೇಳಬೇಕು. ಆಗದಿದ್ದರೆ 'ಆತನ ಚಿತ್ತ' ಅಂತ ಟಿಕೆಟ್ ಮುಚ್ಚಬೇಕು. ಈ ವ್ಯವಸ್ಥೆ ಚೆನ್ನಾಗಿಯೇ ನಡೀತಿತ್ತು, ಯಾಕಂದ್ರೆ ಅಲ್ಲಿಯ ತನಕ ನಾನು ನಿಜವಾಗಿ ಏನನ್ನೂ ಕೇಳಿರಲಿಲ್ಲ.

ಜುಲೈ ತಿಂಗಳಲ್ಲಿ ಅಪ್ಪ ಬೆಳಿಗ್ಗೆ ಪೇಪರ್ ಓದುತ್ತಾ ಕುರ್ಚಿಯಿಂದ ಜಾರಿದರು. ಮೆದುಳಿನಲ್ಲಿ ರಕ್ತಸ್ರಾವ. ಹತ್ತೊಂಬತ್ತು ದಿನ ಐಸಿಯು. ಆ ಹತ್ತೊಂಬತ್ತು ದಿನ ನಾನು ಪ್ರಾರ್ಥಿಸಿದಷ್ಟು ಜೀವಮಾನದಲ್ಲಿ ಯಾವತ್ತೂ ಪ್ರಾರ್ಥಿಸಿಲ್ಲ. ಐಸಿಯು ಹೊರಗಿನ ಸ್ಟೀಲ್ ಕುರ್ಚಿ, ಲಿಫ್ಟಿನ ಪಕ್ಕದ ಮೆಟ್ಟಿಲು, ಔಷಧಿ ಅಂಗಡಿಯ ಕ್ಯೂ, ಎಲ್ಲ ಕಡೆ. ವಿಸಿಟಿಂಗ್ ಹೊತ್ತಿನ ಹತ್ತು ನಿಮಿಷದಲ್ಲಿ ಅಪ್ಪನ ಕೈ ಹಿಡಿದು. ಹನ್ನೊಂದನೇ ದಿನ ಅವರ ಬೆರಳು ಸ್ವಲ್ಪ ಅಲುಗಾಡಿತು. ಕೇಳಿದ್ದು ಸಿಕ್ಕಿತು ಅಂದುಕೊಂಡೆ. ಹತ್ತೊಂಬತ್ತನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ನರ್ಸ್ ಬಂದು ಕರೆದರು.

ಮಣ್ಣು ಮಾಡಿ ಬಂದ ಸಂಜೆ, ಮನೆಗೆ ಬಂದಿದ್ದ ಒಬ್ಬ ಹಿರಿಯರು ನನ್ನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದರು: 'ನಮ್ಮ ವಿಶ್ವಾಸ ಇನ್ನೂ ಗಟ್ಟಿ ಇದ್ದಿದ್ದರೆ...' ವಾಕ್ಯ ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಅಂತ ಈಗ ಗೊತ್ತು. ಆದರೆ ಅವತ್ತು ರಾತ್ರಿಯೇ ನಾನು ಠೂ ಬಿಟ್ಟಿದ್ದು.

ಅವ್ವ ದಿನಾ ರಾತ್ರಿ ಫೋನ್ ಮಾಡಿ ಎರಡು ಪ್ರಶ್ನೆ ಕೇಳುತ್ತಿದ್ದಳು. 'ಉಂಡಿ?' 'ಪ್ರಾರ್ಥನಾ ಮಾಡಿದಿ?' ಎರಡಕ್ಕೂ 'ಹ್ಞೂಂ' ಅನ್ನುತ್ತಿದ್ದೆ. ಎಷ್ಟೋ ದಿನ ಎರಡೂ ಸುಳ್ಳು.

ಏಪ್ರಿಲ್‌ನಲ್ಲಿ ಶುಭ ಶುಕ್ರವಾರಕ್ಕೆ ಊರಿಗೆ ಹೋದೆ. ಅಪ್ಪ ಇಲ್ಲದ ಮೊದಲ ಈಸ್ಟರ್, ಅವ್ವ ಒಬ್ಬಳೇ ಇರಬಾರದು ಅಂತ. ಗುರುವಾರ ನಸುಕಿನಲ್ಲಿ ಬಸ್ ಇಳಿದು, ನನ್ನ ಹತ್ತಿರ ಇದ್ದ ಕೀಲಿಯಿಂದ ಸದ್ದಿಲ್ಲದೆ ಬಾಗಿಲು ತೆಗೆದು ಒಳಗೆ ಬಂದರೆ ಅಡುಗೆಮನೆಯಿಂದ ಮಾತು ಕೇಳಿಸಿತು. ಯಾರೋ ಬಂದಿದ್ದಾರೆ ಅಂದುಕೊಂಡೆ. ಇಲ್ಲ, ಅವ್ವ ಒಬ್ಬಳೇ. ಒಲೆಯ ಮುಂದೆ ನಿಂತು ಬೈಯುತ್ತಿದ್ದಳು.

'ನೀ ಹಿಂಗ ಮಾಡಬಾರದಾಗಿತ್ತು ನೋಡಪಾ. ಮೂವತ್ತೆಂಟು ವರ್ಷ ಸಂಸಾರ ಮಾಡೇವಿ. ಒಂದು ಮಾತು ಹೇಳಿ ಕರಕೊಂಡು ಹೋಗಬಾರದಿತ್ತೇನು? ಇಷ್ಟು ದೊಡ್ಡ ಮನ್ಯಾಗ ನಾ ಒಬ್ಬಾಕಿ ಯಾರ ಜೋಡಿ ಮಾತಾಡ್ಲಿ? ಅದಕ್ಕ ನಿನ್ನ ಜೋಡಿನ ಜಗಳ ತಗೀತೀನಿ, ಕೇಳ್ಕೋ. ...ತಡಿ, ಹಾಲು ಉಕ್ಕಾಕತ್ತೈತಿ.'

ದೇವರಿಗೆ 'ತಡಿ, ಹಾಲು ಉಕ್ಕಾಕತ್ತೈತಿ' ಅಂದಳು. ಒಲೆ ಸಣ್ಣದು ಮಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು. ನನ್ನ ಸೊಂಟ ನೋವಿಗೆ ಏನಾದರೂ ಮಾಡು, ಮಗನ ಮುಖ ಬಾಡೈತಿ ಅವಂದು ನೋಡು, ಎದುರುಮನೆಯವಳ ಬಾಣಂತನ ಸಸೂತ್ರ ಆಗಲಿ. ಬೈಗುಳ, ಅಳು, ಬೇಡಿಕೆ, ಊರಿನ ಸುದ್ದಿ, ಎಲ್ಲ ಒಂದೇ ಉಸಿರಿನಲ್ಲಿ. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಾಲಿನಲ್ಲಿ ನಿಂತೇ ಇದ್ದೆ.

ಅಪ್ಪನನ್ನು ನನಗಿಂತ ಹೆಚ್ಚು ಕಳಕೊಂಡವಳು ಅವಳು. ನನಗೆ ಬಂದ ಸಿಟ್ಟೇ ಅವಳಿಗೂ ಬಂದಿತ್ತು. ಆದರೆ ನಾನು ಸಿಟ್ಟು ಬಂತು ಅಂತ ಮಾತು ಬಿಟ್ಟಿದ್ದೆ. ಅವಳು ಸಿಟ್ಟು ಬಂತು ಅಂತ ಮಾತು ಜಾಸ್ತಿ ಮಾಡಿದ್ದಳು.

ಕನ್ನಡದಲ್ಲಿ ನಾವು ಮ್ಯಾನೇಜರಿಗೆ 'ನೀವು' ಅಂತೀವಿ, ಟ್ರಾಫಿಕ್ ಪೊಲೀಸರಿಗೆ 'ನೀವು' ಅಂತೀವಿ, ದೇವರಿಗೆ ಮಾತ್ರ 'ನೀನು'. ನಮ್ಮ ಕನ್ನಡ ಸತ್ಯವೇದದಲ್ಲೂ ಹಾಗೇ, ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಹಾಗೇ. ಬಾಯಿಂದ ಅದನ್ನು ಸಾವಿರ ಸಲ ಹೇಳಿದ್ದೇನೆ. ಮನಸ್ಸಿನಲ್ಲಿ ಮಾತ್ರ ನಾನು ಯಾವಾಗಲೂ ಆತನಿಗೆ 'ತಾವು' ಅನ್ನುತ್ತಿದ್ದೆ. 'ತಾವು' ಅನ್ನುವವರ ಜೊತೆ ಜಗಳ ಮಾಡೋಕೆ ಆಗುತ್ತಾ? ರಾಜೀನಾಮೆ ಕೊಡಬಹುದು, ಅಷ್ಟೇ. ನಾನು ಮಾಡಿದ್ದೂ ಅದನ್ನೇ.

ಮರುದಿನ ಶುಭ ಶುಕ್ರವಾರದ ಆರಾಧನೆ. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ನಮ್ಮಲ್ಲಿ ಅವತ್ತು ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಚರ್ಚಿನಲ್ಲಿ ಕೂರುತ್ತೇವೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳು, ಒಂದೊಂದಕ್ಕೆ ಒಂದು ಪ್ರಸಂಗ. ಫ್ಯಾನು ತಿರುಗಿದರೂ ಬೆವರು. ನಾಲ್ಕನೇ ಮಾತು, ನನ್ನ ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂಬ ಕೂಗು. ಅದು ಯೇಸುವಿನ ಹೊಸ ಮಾತೇನಲ್ಲ, 22ನೇ ಕೀರ್ತನೆಯ ಮೊದಲ ಸಾಲು ಅಂತ ಸಭಾಪಾಲಕರು ನೆನಪಿಸಿದರು. ಸಂಡೇ ಸ್ಕೂಲಿನಲ್ಲಿ ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡಿದ್ದ ಸಂಗತಿಯೇ. ಅವತ್ತು ಬೇರೆ ಥರ ಕೇಳಿಸಿತು. ಸಾಯುವ ಹೊತ್ತಿನಲ್ಲಿ ಯೇಸುವಿಗೆ ಸ್ವಂತ ಮಾತು ಬರಲಿಲ್ಲ, ತನ್ನ ಜನ ನೂರಾರು ವರ್ಷಗಳಿಂದ ಹಾಡಿಕೊಂಡು ಬಂದ ಒಂದು ದೂರನ್ನೇ ಎತ್ತಿಕೊಂಡ. ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಮೂರು ಸಲ ಅದನ್ನೇ ಬೇಡಿಕೊಂಡಿದ್ದ, ಈ ಪಾತ್ರೆ ತಪ್ಪಲಿ ಅಂತ. ತಪ್ಪಲಿಲ್ಲ. ಆತನ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಸಂಜೆ ಮನೆಗೆ ಬಂದು ಅಪ್ಪನ ಸತ್ಯವೇದ ತೆಗೆದೆ. ಒಂಬತ್ತು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಕೀರ್ತನೆಗಳ ಪುಸ್ತಕ ತಿರುವುತ್ತಾ ಹೋದೆ.

ಒಟ್ಟು 150 ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸ್ತುತಿಯಲ್ಲ, ಗೋಳು. ಇದನ್ನು ಬೈಬಲ್ ಪಂಡಿತರು ವಿಲಾಪ ಕೀರ್ತನೆಗಳು ಅಂತ ವಿಂಗಡಿಸುತ್ತಾರೆ. ಅವುಗಳಿಗೆ ಒಂದು ದಾರಿ ಇದೆ. ಮೊದಲು ದೇವರನ್ನು ಕರೆಯುವುದು, ಆಮೇಲೆ ದೂರು, ಆಮೇಲೆ ಬೇಡಿಕೆ, ಕೊನೆಗೆ ಎಲ್ಲೋ ಒಂದು ಕಡೆ ಧ್ವನಿ ಬದಲಾಗಿ ಭರವಸೆ. 13ನೇ ಕೀರ್ತನೆ ಬರೀ ಆರು ವಚನ. ಅದರ ಮೊದಲ ಎರಡು ವಚನಗಳಲ್ಲೇ 'ಎಷ್ಟರ ತನಕ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಗಿಯುವಾಗ ಮಾತ್ರ ಹಾಡು. 88ನೇ ಕೀರ್ತನೆಯಲ್ಲಿ ಆ ತಿರುವೂ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ತೆಗೆದುಹಾಕದೆ ಪವಿತ್ರ ಗ್ರಂಥದ ಒಳಗೇ ಇಟ್ಟುಕೊಂಡಿದ್ದಾರೆ ನೋಡಿ! ಕನ್ನಡದಲ್ಲಿ ಈ ಪುಸ್ತಕಕ್ಕೆ 'ಕೀರ್ತನೆಗಳು' ಅಂತ ಹೆಸರು. ದಾಸರ ಹಾಡುಗಳಿಗೂ ನಾವು ಅದೇ ಪದ ಬಳಸುತ್ತೇವೆ, ಮತ್ತು ಭಕ್ತನೇ ದೇವರನ್ನು ಬೈಯುವ ನಿಂದಾಸ್ತುತಿ ದಾಸರಿಗೂ ಹೊಸದಲ್ಲ. ಈ ನೆಲದವರಿಗೆ ಇದು ಗೊತ್ತಿರುವ ದಾರಿಯೇ. ನಾನೇ ಮರೆತಿದ್ದೆ.

88ನೇ ಕೀರ್ತನೆಯ ಅಂಚಿನಲ್ಲಿ ಒಂದು ವಿಚಿತ್ರ ಕಂಡಿತು. ಬೇರೆ ಪುಟಗಳಲ್ಲಿ ಮೂರು ನಾಲ್ಕು ವರ್ಷಕ್ಕೊಂದು ತಾರೀಖು. ಇಲ್ಲಿ 1988ರ ಹದಿನೇಳು ತಾರೀಖುಗಳು, ಒಂದರ ಕೆಳಗೊಂದು, ಒಂದು ದಿನವೂ ಬಿಡದೆ. ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು.

'ನಿನಗಿಂತ ಮೊದಲಿನ ಕೂಸು ಹೋದಾಗಿಂದು' ಅಂದಳು.

ಆ ಕೂಸಿನ ವಿಷಯ ನನಗೆ ಗೊತ್ತಿತ್ತು. ಹತ್ತು ದಿನ ಬದುಕಿದ್ದ ಅಣ್ಣ. ಗೊತ್ತಿಲ್ಲದೇ ಇದ್ದಿದ್ದು ಇದು.

'ಅದೊಂದ ಓದಿ ಪುಸ್ತಕ ಮುಚ್ಚಿಬಿಡ್ತಿದ್ರು ನಿಮ್ಮಪ್ಪ. ಹಾಡಿಲ್ಲ, ಪ್ರಾರ್ಥನಾ ಇಲ್ಲ. ಮರುದಿನ ಮತ್ತ ಅದನ್ನ. ನಾನೂ ಏನೂ ಅನ್ನಲಿಲ್ಲ.'

'ಆಮೇಲೆ?'

'ಆಮ್ಯಾಲೇನು, ಒಂದಿನ ಮುಂದಿಂದು ಓದಿದ್ರು.'

ಪುಟ ತಿರುವಿದೆ. 89ನೇ ಕೀರ್ತನೆ, ಮರುದಿನದ ತಾರೀಖು. ಅಷ್ಟೇ. ಏನಾಯಿತು, ಯಾಕೆ ಮನಸ್ಸು ಬದಲಾಯಿತು, ದೇವರು ಏನಾದರೂ ಉತ್ತರ ಕೊಟ್ಟನಾ, ಒಂದಕ್ಷರ ಇಲ್ಲ. ಮೂವತ್ತು ವರ್ಷ ನಾನು ಕಂಡ ಆ ಶಾಂತ ಮನುಷ್ಯ, ರಾತ್ರಿ ಎಂಟಕ್ಕೆ ಮೊಣಕಾಲೂರಿ ನಿಧಾನವಾಗಿ ಪ್ರಾರ್ಥಿಸುತ್ತಿದ್ದವರು, ಹದಿನೇಳು ದಿನ ದೇವರ ಮುಂದೆ ಕೂತು ಅದೊಂದೇ ದೂರನ್ನು ಓದಿದವರು. ಠೂ ಬಿಡಲಿಲ್ಲ. ಪಟ್ಟು ಹಿಡಿದು ಕೂತರು.

ಆ ರಾತ್ರಿ ಒಂಬತ್ತು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟೆ. ಅದನ್ನು ಪ್ರಾರ್ಥನೆ ಅಂತ ಕರೆಯಬಹುದೋ ಇಲ್ಲವೋ. 'ನನಗೆ ನಿನ್ನ ಮೇಲೆ ಸಿಟ್ಟಿದೆ' ಅಂತ ಶುರುವಾಯಿತು. ಬೆಳಗಾಗುವ ತನಕ ಏನೇನೋ ಅಂದೆ. ಆಕಾಶ ತೆರೆಯಲಿಲ್ಲ, ಎದೆ ಹಗುರವಾಗಲಿಲ್ಲ. ತಲೆನೋವು ಬಂತು. ಆದರೆ ಯಾರೋ ಇದ್ದಾರೆ ಅಂದುಕೊಂಡೇ ಬೈದಿದ್ದೆ ಅನ್ನೋದು ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಇಲ್ಲದವರನ್ನು ಯಾರೂ ರಾತ್ರಿಯೆಲ್ಲ ಕೂತು ಬೈಯುವುದಿಲ್ಲ.

ಆಮೇಲೆ ಬೈಬಲ್ಲಿನಲ್ಲಿ ಇಂಥವರನ್ನೇ ಹುಡುಕುತ್ತಾ ಹೋದೆ. ಲಾಜರ ಸತ್ತು ನಾಲ್ಕು ದಿನ ಆದ ಮೇಲೆ ಬಂದ ಯೇಸುವಿಗೆ ಮಾರ್ಥಳು ಮೊದಲು ಹೇಳಿದ್ದು ಸ್ವಾಗತವಲ್ಲ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದನ್ನೇ ಹೇಳುತ್ತಾಳೆ. ಯೇಸು ಇಬ್ಬರನ್ನೂ ಗದರಿಸಲಿಲ್ಲ. ಅತ್ತ. ಯೋಬನ ಗೆಳೆಯರು ಮೊದಲ ಏಳು ದಿನ ಅವನ ಪಕ್ಕದಲ್ಲಿ ಸುಮ್ಮನೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ನಿನ್ನಲ್ಲೇ ಏನೋ ತಪ್ಪಿದೆ ಅನ್ನತೊಡಗಿದರು. ಕತೆಯ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನ ಜೊತೆ ವಾದ ಮಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ಮಾಡಿದ ಗೆಳೆಯರ ಮೇಲೆ! ಇದನ್ನು ಓದಿದಾಗ ನನ್ನ ಹೆಗಲ ಮೇಲೆ ಕೈ ಇಟ್ಟ ಹಿರಿಯರು ನೆನಪಾಗಿ ಸ್ವಲ್ಪ ನಗು ಬಂತು. ಅವರ ಮೇಲಿನ ಸಿಟ್ಟು ಅವತ್ತು ಅರ್ಧ ಇಳಿಯಿತು.

ಮದರ್ ತೆರೇಸಾ ತಮ್ಮ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, ಪುಸ್ತಕವಾಗಿ ಬಂದವು. ಹೆಚ್ಚುಕಡಿಮೆ ಐವತ್ತು ವರ್ಷ ತಮಗೆ ದೇವರ ಇರವೇ ಅನುಭವಕ್ಕೆ ಬರುತ್ತಿಲ್ಲ ಎಂಬ ಸಂಕಟ ಅದರಲ್ಲಿದೆ. ದಿನಾ ಬೆಳಗ್ಗೆ ಎದ್ದು ಕೋಲ್ಕತ್ತದ ಬೀದಿಗೆ ಹೋಗುತ್ತಿದ್ದವರಿಗೇ ಹೀಗೆ. 'ದೇವರ ಹತ್ತಿರ ಇರುವುದು' ಅಂದರೆ ಸದಾ ಬೆಚ್ಚಗೆ ಅನ್ನಿಸುತ್ತಿರುವುದು ಅಂತ ನಾನು ಅಂದುಕೊಂಡಿದ್ದೆ. ಆ ಲೆಕ್ಕ ತಪ್ಪು ಅಂತ ಅರ್ಥವಾಗೋಕೆ ಇಷ್ಟೆಲ್ಲ ಆಗಬೇಕಾಯಿತು.

ಜಗಳದಿಂದ ಮಾತು ಶುರುವಾಯಿತು, ಸರಿ. ದಿನವೂ ಜಗಳ ಮಾಡೋಕಾಗಲ್ಲವಲ್ಲ. ದಿನದ ಮಾತಿಗೆ ದಾರಿ ತೋರಿಸಿದವನು ಆಫೀಸಿನ ಮಂಗಳೂರಿನ ಗೆಳೆಯ. ಕ್ಯಾಥೊಲಿಕ್. ನಾನು ಪ್ರೊಟೆಸ್ಟೆಂಟ್ ಅಂತ ಅವನೂ, ಅವನು ಜಪಮಾಲೆಯವನು ಅಂತ ನಾನೂ ಮೊದಲಿಂದ ಕಾಲೆಳೆಯುತ್ತಿದ್ದೆವು. ಅವನು ಹೇಳಿದ್ದು ಇಗ್ನೇಷಿಯಸ್ ಲೊಯೊಲಾನ ಒಂದು ಅಭ್ಯಾಸ. ಈತ ಸ್ಪೇನಿನ ಸೈನಿಕ. 1521ರಲ್ಲಿ ಪಾಂಪ್ಲೋನಾ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಮಲಗಿದ್ದಾಗ, ಓದೋಕೆ ಬೇರೇನೂ ಇಲ್ಲದೆ ಕ್ರಿಸ್ತನ ಮತ್ತು ಸಂತರ ಚರಿತ್ರೆ ಓದಿ ಬದಲಾದವನು. ಮುಂದೆ ಜೆಸ್ವಿಟ್ ಸಂಘ ಕಟ್ಟಿದ. ಅವನು ಕಲಿಸಿದ ಆತ್ಮಪರಿಶೀಲನೆಗೆ ಐದು ಹೆಜ್ಜೆ. ಇವತ್ತು ಸಿಕ್ಕಿದ್ದಕ್ಕೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ಹಿಂದಿರುಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ತೀರ್ಮಾನ.

'ಅಯ್ಯೋ, ಇದು ನಮ್ಮ ಸ್ಪ್ರಿಂಟ್ ರೆಟ್ರೋ ಅಲ್ವೇನೋ ಮಾರಾಯ!' ಅಂದೆ.

'ಹೌದು ಮಾರಾಯಾ, ಆದ್ರೆ ಇಲ್ಲಿ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ' ಅಂದ.

ಈಗ ಸಂಜೆ ವೈಟ್‌ಫೀಲ್ಡ್ ಕಡೆಯಿಂದ ನೇರಳೆ ಮೆಟ್ರೋ ಹತ್ತಿದರೆ ಮೊದಲ ಹತ್ತು ಹನ್ನೆರಡು ನಿಮಿಷ ಇದಕ್ಕೆ. ಇಯರ್‌ಫೋನ್ ಹಾಕಿಕೊಳ್ಳುತ್ತೇನೆ, ಹಾಡು ಹಾಕುವುದಿಲ್ಲ. ಯಾರೂ ಮಾತಾಡಿಸಬಾರದು ಅಂತ. ಬೆಳಗಿನ ಸ್ಟ್ಯಾಂಡಪ್ಪಿನಲ್ಲಿ ಹೊಸ ಹುಡುಗಿಯನ್ನು ಎಲ್ಲರೆದುರು ಹಂಗಿಸಿದ್ದು ನೆನಪಾಗುತ್ತದೆ. ಊಟದ ಹೊತ್ತಿಗೆ ಸೆಕ್ಯುರಿಟಿಯ ಅಣ್ಣ 'ಯಾಕೆ ಸರ್ ಸುಸ್ತಾಗಿದ್ದೀರಿ' ಅಂತ ಕೇಳಿದ್ದು ನೆನಪಾಗುತ್ತದೆ. ಎರಡನ್ನೂ ಆತನ ಮುಂದೆ ಇಡುತ್ತೇನೆ. ಮರುದಿನ ಆ ಹುಡುಗಿಗೆ ಸಾರಿ ಹೇಳಿದೆ, ಅವಳಿಗಿಂತ ನನಗೇ ಹೆಚ್ಚು ಮುಜುಗರ ಆಯಿತು. ಎಷ್ಟೋ ದಿನ ಕೆ.ಆರ್. ಪುರ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಗೆತ್ಸೇಮನೆಯಲ್ಲಿ ಶಿಷ್ಯರೂ ಮಲಗಿದ್ದರು, ಪರವಾಗಿಲ್ಲ ಅಂದುಕೊಳ್ಳುತ್ತೇನೆ.

ಇದನ್ನು ಓದಿ ನಿಮ್ಮಲ್ಲಿ ಕೆಲವರಾದರೂ 'ನಮ್ಮಪ್ಪ ಯಾಕೆ ಹೋದರು ಅನ್ನೋದಕ್ಕೆ ಉತ್ತರ ಸಿಕ್ತಾ' ಅಂತ ಕೇಳಬಹುದು. ಸಿಕ್ಕಿಲ್ಲ. ಕೇಳುವುದನ್ನು ಬಿಟ್ಟಿಲ್ಲ. ಬದಲಾಗಿದ್ದು ಇಷ್ಟು: ಮೊದಲು ನಾನು ಬೇಕಾದ್ದನ್ನು ಕೇಳೋಕೆ ಆತನ ಹತ್ತಿರ ಹೋಗುತ್ತಿದ್ದೆ, ಈಗ ಇದ್ದದ್ದನ್ನು ಹೇಳೋಕೆ ಹೋಗುತ್ತೇನೆ. ಕೆಲವು ದಿನ ಹೇಳಲು ಏನೂ ಇರುವುದಿಲ್ಲ. ಆಗ ಅಪ್ಪನ ಹಾಗೆ ಒಂದು ಕೀರ್ತನೆ ಓದಿ ಪುಸ್ತಕ ಮುಚ್ಚುತ್ತೇನೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಾರೀಖು ಹಾಕುತ್ತೇನೆ. ಅವರ ತಾರೀಖುಗಳ ಕೆಳಗೆ ಇನ್ನೂ ಜಾಗ ಇದೆ.

ಮೊನ್ನೆ ರಾತ್ರಿ ಅವ್ವ ಎಂದಿನಂತೆ ಫೋನ್ ಮಾಡಿದಳು.

'ಉಂಡಿ?'

'ಇನ್ನೂ ಇಲ್ಲವ್ವ.'

'ಪ್ರಾರ್ಥನಾ ಮಾಡಿದಿ?'

'ಇವತ್ತು ಬರೀ ಜಗಳ ಮಾಡಿದೆ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

'ಅದೂ ನಡೀತೈತಿ' ಅಂದಳು. 'ಹೋಗು, ಮೊದಲು ಉಣ್ಣು.'